ತಾಯಿಯ ಸಕ್ಕರೆ, ಮಗುವಿನ ತೂಕ

ಹುಟ್ಟಿದೊಡನೆಯೆ ಕೂಸನ್ನು ತೂಗಿ ನೋಡುವ ವಾಡಿಕೆ ಎಲ್ಲ ಆಸ್ಪತ್ರೆಗಳಲ್ಲಿಯೂ ಉಂಟು. ತೂಕ ಮೂರು ಕಿಲೋಗ್ರಾಂಗೆ ಮಿಕ್ಕಿದ್ದರೆ ಮನೆಯವರಿಗೆ ಹಿಗ್ಗು. ಎರಡಕ್ಕೆ ಇಳಿದರೆ ಕಳವಳ. ಮಗು ದುಂಡಗಿದ್ದಷ್ಟೂ ಒಳ್ಳೆಯದೆಂಬುದು ಜನರ ನಂಬಿಕೆ. ಸಾಮಾನ್ಯವಾಗಿ ಈ ನಂಬಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಇದಕ್ಕೊಂದು ಅಪವಾದವುಂಟು. ತಾಯಿಗೆ ಮಧುಮೇಹವಿದ್ದು ಅದು ಹತೋಟಿಯಲ್ಲಿಲ್ಲದಿದ್ದರೆ, ಹುಟ್ಟುವ ಮಗು ಹಲವು ವೇಳೆ ನಾಲ್ಕು ಕಿಲೋಗ್ರಾಂಗಿಂತಲೂ ಹೆಚ್ಚು ತೂಗುತ್ತದೆ. ನೋಡುವವರ ಕಣ್ಣಿಗೆ ಮುದ್ದಾಗಿ ಕಾಣುವ ಆ ಮಗುವಿನ ಭುಜ ಹೆರಿಗೆಯ ಕಾಲದಲ್ಲಿ ಸಿಕ್ಕಿಕೊಳ್ಳಬಹುದು, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅದರ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು, ಉಸಿರಾಟಕ್ಕೂ ತೊಡಕುಂಟಾಗಬಹುದು.

ಇಲ್ಲಿಯೇ ಒಂದು ಒಗಟು ಎದುರಾಗುತ್ತದೆ. ಕೆಲವು ಕುಟುಂಬಗಳಲ್ಲಿ ತಾಯಿಯ ರಕ್ತದ ಸಕ್ಕರೆ ಪ್ರತಿಯೊಂದು ಬಸಿರಿನಲ್ಲಿಯೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಏರಿರುತ್ತದೆ. ಆದರೂ ಅವಳ ಒಂದು ಮಗು ಭಾರವಾಗಿ ಹುಟ್ಟಿದರೆ, ಇನ್ನೊಂದು ಎಲ್ಲರ ಮಕ್ಕಳಂತೆ ಸಾಧಾರಣ ತೂಕದ್ದಾಗಿ ಹುಟ್ಟುತ್ತದೆ. ತಾಯಿ ಒಬ್ಬಳೇ, ಸಕ್ಕರೆ ಒಂದೇ. ಹಾಗಾದರೆ ಭೇದವೆಲ್ಲಿಂದ ಬಂದಿತು? ಇದನ್ನು ಬಿಡಿಸಿ ಹೇಳಿದುದು ಒಂದೇ ಒಂದು ಕಿಣ್ವದ ಅಧ್ಯಯನ. ಭೌತಶಾಸ್ತ್ರದ ಪಾಠ ಹೇಳುವವರಿಗೂ ಈ ವಿಷಯ ರುಚಿಸುವಂಥದು. ಏಕೆಂದರೆ ಇದು ಮೂಲತಃ ಅಳತೆಯ ಉಪಕರಣವೊಂದರ ಕಥೆ.

ಎರಡು ರಕ್ತ, ಒಂದು ಸಕ್ಕರೆ

ಗರ್ಭದಲ್ಲಿರುವ ಶಿಶುವಿನ ರಕ್ತವೂ ತಾಯಿಯ ರಕ್ತವೂ ಒಂದರೊಡನೊಂದು ಬೆರೆಯುವುದಿಲ್ಲವೆಂಬುದನ್ನು ವಾಚಕರು ಜೀವಶಾಸ್ತ್ರದ ಪಾಠದಲ್ಲಿ ಓದಿರಬಹುದು. ಇವೆರಡರ ನಡುವೆ ಮಾಸು ಎಂಬ ಅಂಗವಿದೆ. ಅದರ ತೆಳುಪೊರೆಯನ್ನು ದಾಟಿ ತಾಯಿಯ ಕಡೆಯಿಂದ ಆಮ್ಲಜನಕವೂ ಆಹಾರಾಂಶಗಳೂ ಶಿಶುವಿನ ಕಡೆಗೆ ಸಾಗುತ್ತವೆ. ಆಹಾರಾಂಶಗಳಲ್ಲಿ ಮುಖ್ಯವಾದುದು ಗ್ಲೂಕೋಸ್ ಎಂಬ ಸಕ್ಕರೆ. ಇದು ಸಾಂದ್ರತೆ ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ, ಪೊರೆಯಲ್ಲಿರುವ ವಾಹಕ ಪ್ರೋಟೀನುಗಳ ನೆರವಿನಿಂದ ಸರಾಗವಾಗಿ ಹರಿಯುತ್ತದೆ. ಆದುದರಿಂದ ಶಿಶುವಿನ ರಕ್ತದ ಸಕ್ಕರೆ ತಾಯಿಯದಕ್ಕಿಂತ ತುಸು ಕೆಳಗಿದ್ದು, ಅದನ್ನೇ ಅನುಸರಿಸಿ ಏರುತ್ತದೆ, ಇಳಿಯುತ್ತದೆ. ಮೇಲಿನ ಕೆರೆ ತುಂಬಿದರೆ ಅದರ ಕಾಲುವೆಯಿಂದ ನೀರುಣ್ಣುವ ಕೆಳಗಿನ ಕೆರೆಯೂ ತುಂಬುವಂತೆ ಇದು ನಡೆಯುತ್ತದೆ.

ಆದರೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎಂಬ ಹಾರ್ಮೋನು ಹೀಗೆ ಮಾಸನ್ನು ದಾಟಲಾರದು. ತಾಯಿಯ ಇನ್ಸುಲಿನ್ ತಾಯಿಗೆ, ಶಿಶುವಿನದು ಶಿಶುವಿಗೆ. ಶಿಶುವಿನ ಮೇದೋಜೀರಕ ಗ್ರಂಥಿ ಗರ್ಭದ ಮೊದಲ ಮೂರು ತಿಂಗಳು ಮುಗಿಯುವ ಹೊತ್ತಿಗೇ ತನ್ನ ಇನ್ಸುಲಿನನ್ನು ತಾನೇ ತಯಾರಿಸಲು ತೊಡಗುತ್ತದೆ. ದೊಡ್ಡವರಲ್ಲಿ ಸಕ್ಕರೆಯ ಕಾವಲುಗಾರನೆಂದು ಹೆಸರಾದ ಇದೇ ವಸ್ತು ಗರ್ಭದಲ್ಲಿ ಬೆಳವಣಿಗೆಯ ಪ್ರಧಾನ ಪ್ರಚೋದಕವೂ ಆಗಿದೆ. ಇನ್ಸುಲಿನ್ ಹೆಚ್ಚಾದರೆ ಶಿಶುವಿನಲ್ಲಿ ಕೊಬ್ಬು ಶೇಖರವಾಗಿ ಮೈ ತುಂಬಿಕೊಳ್ಳುತ್ತದೆ. ಕಡಿಮೆಯಾದರೆ ಬೆಳವಣಿಗೆ ಹಿಂದೆ ಬೀಳುತ್ತದೆ.

೧೯೨೧ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನನ್ನು ಬೇರ್ಪಡಿಸಿದರು. ಮರುವರ್ಷವೇ ಅದು ರೋಗಿಗಳಿಗೆ ದೊರೆಯಿತು. ಅದಕ್ಕೆ ಮುಂಚೆ ಮಧುಮೇಹವುಳ್ಳ ಹೆಂಗಸರು ಗರ್ಭ ಧರಿಸುತ್ತಿದ್ದುದೇ ಅಪರೂಪ. ಧರಿಸಿದರೂ ತಾಯಿಗೂ ಮಗುವಿಗೂ ಗಂಡಾಂತರ ಕಾದಿರುತ್ತಿತ್ತು. ಇನ್ಸುಲಿನ್ ಬಂದ ಮೇಲೆ ತಾಯಂದಿರು ಉಳಿದುಕೊಂಡರು. ಮಕ್ಕಳ ಕಷ್ಟ ಮಾತ್ರ ಪೂರ್ತಿಯಾಗಿ ತೀರಲಿಲ್ಲ. ಇದಕ್ಕೆ ಕಾರಣವನ್ನು ಸ್ಪಷ್ಟವಾಗಿ ಸೂಚಿಸಿದವರು ಡೆನ್ಮಾರ್ಕಿನ ವೈದ್ಯ ಯೋರ್ಗೆನ್ ಪೇಡರ್ಸನ್. ೧೯೫೨ರಲ್ಲಿ ಅವರು ಮುಂದಿಟ್ಟ ವಾದ ಸರಳವಾದುದು: ತಾಯಿಯ ಸಕ್ಕರೆ ಹೆಚ್ಚಿದಾಗ ಶಿಶುವಿನ ಸಕ್ಕರೆಯೂ ಹೆಚ್ಚುತ್ತದೆ; ಅದಕ್ಕೆ ಪ್ರತಿಯಾಗಿ ಶಿಶುವಿನ ಗ್ರಂಥಿ ಮಿತಿಮೀರಿ ಇನ್ಸುಲಿನ್ ಸುರಿಸುತ್ತದೆ; ಆ ಇನ್ಸುಲಿನ್ ಶಿಶುವನ್ನು ಅತಿಯಾಗಿ ಬೆಳೆಸುತ್ತದೆ.

ಹುಟ್ಟಿದ ಮೇಲೆ ಸಕ್ಕರೆ ಕುಸಿಯುವುದೇಕೆಂಬುದೂ ಈ ವಾದದಿಂದ ತಿಳಿಯುತ್ತದೆ. ಹೊಕ್ಕುಳಬಳ್ಳಿಯನ್ನು ಕತ್ತರಿಸಿದೊಡನೆ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಂತುಹೋಗುತ್ತದೆ. ಆದರೆ ತಿಂಗಳುಗಟ್ಟಲೆ ಭರದಿಂದ ದುಡಿದ ಗ್ರಂಥಿ ಅದೇ ಕ್ಷಣದಲ್ಲಿ ನಿಲ್ಲುವುದಿಲ್ಲ. ಎತ್ತುಗಳನ್ನು ತಡೆದರೂ ಇಳಿಜಾರಿನಲ್ಲಿ ಗಾಡಿ ಇನ್ನೂ ನಾಲ್ಕು ಮಾರು ಉರುಳುವಂತೆ ಅದು ಇನ್ಸುಲಿನನ್ನು ಸುರಿಸುತ್ತಲೇ ಇರುತ್ತದೆ. ಮಿದುಳಿನ ಮುಖ್ಯ ಇಂಧನವೇ ಗ್ಲೂಕೋಸ್ ಆದುದರಿಂದ ಈ ಕುಸಿತವನ್ನು ಅಲಕ್ಷ್ಯ ಮಾಡುವಂತಿಲ್ಲ. ಇಂಥ ಮಕ್ಕಳಿಗೆ ಬೇಗನೆ ಹಾಲೂಡಿಸುವುದೂ, ಅವರ ರಕ್ತದ ಸಕ್ಕರೆಯನ್ನು ಮತ್ತೆ ಮತ್ತೆ ಅಳೆಯುವುದೂ ಇದಕ್ಕಾಗಿಯೇ.

ಅಳತೆಗಾರ ಕಿಣ್ವ

ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂಬುದು ಮೇದೋಜೀರಕ ಗ್ರಂಥಿಗೆ ಹೇಗೆ ತಿಳಿಯುತ್ತದೆ? ಅಲ್ಲಿ ಕಣ್ಣಿಲ್ಲ, ನಾಲಗೆಯಿಲ್ಲ. ಇರುವುದು ಒಂದು ಕಿಣ್ವ.

ದೇಹದ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸುವ ಪ್ರೋಟೀನುಗಳಿಗೆ ಕಿಣ್ವಗಳೆಂದು ಹೆಸರು. ಯಾವ ಜೀವಕೋಶವೇ ಆಗಲಿ, ಗ್ಲೂಕೋಸನ್ನು ಬಳಸಿಕೊಳ್ಳಬೇಕಾದರೆ ಮೊದಲು ಅದಕ್ಕೊಂದು ಫಾಸ್ಫೇಟ್ ಗುಂಪನ್ನು ಜೋಡಿಸಬೇಕು. ಬಹುಪಾಲು ಅಂಗಾಂಶಗಳಲ್ಲಿ ಈ ಕೆಲಸವನ್ನು ಹೆಕ್ಸೊಕೈನೇಸ್ ಎಂಬ ಕಿಣ್ವ ಮಾಡುತ್ತದೆ. ಅದು ಸಕ್ಕರೆಗೆ ಬಹಳ ಹಸಿದ ಕಿಣ್ವ. ನೂರು ಮಿಲಿಲೀಟರಿನಲ್ಲಿ ಎರಡು ಮಿಲಿಗ್ರಾಂ ಗ್ಲೂಕೋಸ್ ಕೂಡ ಇಲ್ಲದಿರುವಾಗಲೇ ಅದರ ವೇಗ ಗರಿಷ್ಠದ ಅರ್ಧವನ್ನು ಮುಟ್ಟಿರುತ್ತದೆ. ಆರೋಗ್ಯವಂತರಲ್ಲಿ ಬೆಳಗಿನ ಬರಿಹೊಟ್ಟೆಯ ರಕ್ತದಲ್ಲಿ ಅಷ್ಟೇ ಪ್ರಮಾಣಕ್ಕೆ ೭೦ರಿಂದ ೧೦೦ ಮಿಲಿಗ್ರಾಂ ಇರುವುದರಿಂದ ಹೆಕ್ಸೊಕೈನೇಸ್ ಸದಾ ತನ್ನ ಪೂರ್ಣ ವೇಗದಲ್ಲಿಯೇ ದುಡಿಯುತ್ತಿರುತ್ತದೆ. ಹೀಗಿರುವಲ್ಲಿ ಅದು ಅಳತೆಗೆ ಒದಗದು. ಪ್ರಯೋಗಶಾಲೆಯಲ್ಲಿ ಒಂದು ವೋಲ್ಟಿನ ಮಾಪಕವನ್ನು ನೂರು ವೋಲ್ಟಿನ ತಂತಿಗೆ ಜೋಡಿಸಿದರೆ ಮುಳ್ಳು ಕೊನೆಯ ಗೆರೆಗೆ ಹೋಗಿ ಅಂಟಿಕೊಳ್ಳುತ್ತದೆ. ತೊಂಬತ್ತಕ್ಕೂ ನೂರಿಪ್ಪತ್ತಕ್ಕೂ ಇರುವ ಭೇದವನ್ನು ಅದು ಹೇಳಲಾರದು.

ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಲ್ಲಿ ಈ ಕೆಲಸಕ್ಕೆ ಬೇರೊಂದು ಕಿಣ್ವವಿದೆ. ಅದರ ಹೆಸರು ಗ್ಲೂಕೊಕೈನೇಸ್. ಇದು ನಿಧಾನದ ಕಿಣ್ವ. ಸಕ್ಕರೆ ಸುಮಾರು ೧೪೫ ಮಿಲಿಗ್ರಾಂ ಮುಟ್ಟಿದಾಗ ಮಾತ್ರ ಇದರ ವೇಗ ಗರಿಷ್ಠದ ಅರ್ಧವಾಗುತ್ತದೆ. ಎಂದರೆ, ರಕ್ತದ ಸಕ್ಕರೆ ನಿತ್ಯವೂ ಏರಿಳಿಯುವ ಮಟ್ಟಗಳಲ್ಲಿಯೇ ಈ ಮಾಪಕದ ಮುಳ್ಳು ಚುರುಕಾಗಿ ಓಲಾಡುತ್ತದೆ. ಸಕ್ಕರೆ ಹೆಚ್ಚಿದಂತೆ ಕಿಣ್ವದ ವೇಗ ಹೆಚ್ಚುತ್ತದೆ; ಕೋಶದಲ್ಲಿ ಶಕ್ತಿಯುತ್ಪಾದನೆ ಹೆಚ್ಚುತ್ತದೆ; ಅದರ ಫಲವಾಗಿ ಕೋಶಪೊರೆಯ ಪೊಟಾಸಿಯಂ ದ್ವಾರಗಳು ಮುಚ್ಚಿ ಪೊರೆಯ ವಿದ್ಯುದ್ವಿಭವ ಬದಲಾಗುತ್ತದೆ; ಆಗ ಕ್ಯಾಲ್ಸಿಯಂ ಒಳನುಗ್ಗಿ ಇನ್ಸುಲಿನ್ ಹೊರಚೆಲ್ಲುತ್ತದೆ. ಗ್ಲೂಕೊಕೈನೇಸೇ ದೇಹದ ಸಕ್ಕರೆಮಾಪಕವೆಂಬುದನ್ನು ೧೯೮೦ರ ದಶಕದಲ್ಲಿ ಬಲವಾಗಿ ಪ್ರತಿಪಾದಿಸಿದವರು ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಫ್ರಾಂಜ್ ಮಾಚಿನ್‌ಸ್ಕಿ.

ಮಾಪಕ ಮಂಕಾದರೆ

ಈ ಕಿಣ್ವವನ್ನು ತಯಾರಿಸುವ ಆದೇಶ ನಮ್ಮ ಏಳನೆಯ ವರ್ಣತಂತುವಿನ ಮೇಲಿರುವ ಒಂದು ಜೀನಿನಲ್ಲಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಪ್ರತಿಯೊಬ್ಬರಲ್ಲಿಯೂ ಅದರ ಎರಡು ಪ್ರತಿಗಳಿರುತ್ತವೆ. ಕೆಲವರಲ್ಲಿ ಒಂದು ಪ್ರತಿಯಲ್ಲಿ ಅಕ್ಷರದೋಷವಿದ್ದು ಅದರಿಂದ ಹುಟ್ಟುವ ಕಿಣ್ವ ಕೆಲಸಕ್ಕೆ ಬಾರದಂತಾಗಿರುತ್ತದೆ. ಈ ದೋಷಕ್ಕೂ ಕುಟುಂಬಗಳಲ್ಲಿ ಹರಿದುಬರುವ ಒಂದು ಬಗೆಯ ಸೌಮ್ಯ ಮಧುಮೇಹಕ್ಕೂ ಸಂಬಂಧವಿದೆಯೆಂದು ೧೯೯೨ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ನಿನ ಸಂಶೋಧಕರು ತೋರಿಸಿಕೊಟ್ಟರು. ೨೦೦೯ರ ವೇಳೆಗೆ ಇಂಥ ಆರುನೂರಕ್ಕೂ ಹೆಚ್ಚು ಅಕ್ಷರದೋಷಗಳು ದಾಖಲೆಯಾಗಿದ್ದವು.

ಕಿಣ್ವ ಅರ್ಧವಾದರೆ ಇನ್ಸುಲಿನೂ ಅರ್ಧವಾಗಿ ಮನುಷ್ಯ ತೀವ್ರ ರೋಗಿಯಾಗಬೇಕಲ್ಲವೆ? ಹಾಗಾಗುವುದಿಲ್ಲ. ಕಾವುಪೆಟ್ಟಿಗೆಯ ಉಷ್ಣತಾ ನಿಯಾಮಕವನ್ನು ನೆನೆಯಿರಿ. ಅದರ ಗುಂಡಿಯನ್ನು ೩೭ ಡಿಗ್ರಿಯ ಬದಲು ೩೯ಕ್ಕೆ ತಿರುಗಿಸಿದರೆ ಪೆಟ್ಟಿಗೆಯೇನೂ ಕೆಡುವುದಿಲ್ಲ. ೩೯ನ್ನೇ ತನ್ನ ನೆಲೆಯೆಂದು ಭಾವಿಸಿ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಗ್ಲೂಕೊಕೈನೇಸ್ ಅರ್ಧವಾದವರಲ್ಲಿಯೂ ಹೀಗೆಯೆ. ಸಾಮಾನ್ಯರ ಬೀಟಾ ಕೋಶಗಳು ಸುಮಾರು ೯೦ ಮಿಲಿಗ್ರಾಂ ಸಕ್ಕರೆಗೆ ಎಚ್ಚೆತ್ತರೆ ಇವರ ಕೋಶಗಳು ಇನ್ನೂ ಮೇಲಿನ ಮಟ್ಟದಲ್ಲಿ ಎಚ್ಚೆಯುತ್ತವೆ. ಬರಿಹೊಟ್ಟೆಯ ಸಕ್ಕರೆ ಸಾಮಾನ್ಯವಾಗಿ ೧೦೦ರಿಂದ ೧೪೫ರ ನಡುವೆ ನೆಲೆನಿಂತು, ಹುಟ್ಟಿನಿಂದ ಮುಪ್ಪಿನವರೆಗೆ ಹೆಚ್ಚು ಬದಲಾಗದೆ ಉಳಿಯುತ್ತದೆ. ಇಂಥವರಿಗೆ ಮಧುಮೇಹದ ದೊಡ್ಡ ತೊಡಕುಗಳು ಅಪರೂಪ. ಗರ್ಭಕಾಲವನ್ನು ಬಿಟ್ಟರೆ ಔಷಧವೂ ಬೇಕಾಗುವುದಿಲ್ಲ. ಐರ್ಲೆಂಡಿನ ಗರ್ಭಿಣಿಯರನ್ನು ಪರೀಕ್ಷಿಸಿ ೨೦೧೪ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಐರೋಪ್ಯ ಮೂಲದ ಸಾವಿರ ಮಂದಿಯಲ್ಲಿ ಸುಮಾರು ಒಬ್ಬರಲ್ಲಿ ಈ ದೋಷವಿದೆ.

ಒಂದು ದೇಹದೊಳಗೆ ಎರಡು ಮಾಪಕ

ಈಗ ಬಸಿರಿನ ಸ್ಥಿತಿಯನ್ನು ಯೋಚಿಸೋಣ. ಒಂದೇ ದೇಹದೊಳಗೆ ಎರಡು ಮಾಪಕಗಳು ದುಡಿಯುತ್ತಿವೆ: ತಾಯಿಯದೊಂದು, ಶಿಶುವಿನದೊಂದು. ಆದರೆ ಇವುಗಳ ಅಧಿಕಾರ ಸಮವಾದುದಲ್ಲ. ಸಕ್ಕರೆಯ ಮಟ್ಟವನ್ನು ನಿಶ್ಚಯಿಸುವುದು ತಾಯಿಯ ಮಾಪಕ. ಶಿಶುವಿನದು ಆ ಮಟ್ಟವನ್ನು ಓದಿಕೊಂಡು ಅದಕ್ಕೆ ತಕ್ಕಷ್ಟು ಇನ್ಸುಲಿನ್ ಬಿಡುವುದಷ್ಟೇ.

ಇಂಗ್ಲೆಂಡಿನ ಎಕ್ಸೆಟರ್ ನಗರದ ಆಂಡ್ರೂ ಹ್ಯಾಟರ್ಸ್ಲಿ ಮತ್ತು ಅವರ ಸಂಗಡಿಗರು ಇದರಿಂದ ಒಂದು ಭವಿಷ್ಯವಾಣಿಯನ್ನು ತೆಗೆದರು. ಮಂದವಾದ ಮಾಪಕವನ್ನು ತಂದೆಯಿಂದ ಪಡೆದ ಶಿಶುವೊಂದು ಆರೋಗ್ಯವಂತ ತಾಯಿಯ ಗರ್ಭದಲ್ಲಿದ್ದರೆ ಏನಾಗಬೇಕು? ದೊಡ್ಡವರಾಗಿದ್ದರೆ ತಮ್ಮ ಮಾಪಕಕ್ಕೆ ಒಪ್ಪುವಷ್ಟು ಸಕ್ಕರೆಯನ್ನು ತಾವೇ ಏರಿಸಿಕೊಳ್ಳುತ್ತಿದ್ದರು. ಶಿಶುವಿಗೆ ಆ ಸ್ವಾತಂತ್ರ್ಯವಿಲ್ಲ. ತಾಯಿಯ ಸಾಧಾರಣ ಸಕ್ಕರೆ ಅದರ ಮಂದ ಮಾಪಕಕ್ಕೆ ಕೊರತೆಯಾಗಿ ತೋರುತ್ತದೆ, ಇನ್ಸುಲಿನ್ ಕಡಿಮೆಯಾಗುತ್ತದೆ, ಮಗು ಸಣ್ಣದಾಗಿ ಹುಟ್ಟಬೇಕು. ಇದಕ್ಕೆ ವಿರುದ್ಧವಾಗಿ ಮಂದ ಮಾಪಕ ತಾಯಿಯಲ್ಲಿದ್ದು ಶಿಶುವಿನ ಮಾಪಕ ಸರಿಯಾಗಿದ್ದರೆ ಮಗು ದೊಡ್ಡದಾಗಿ ಹುಟ್ಟಬೇಕು.

ತಂದೆತಾಯಿಗಳಲ್ಲಿ ಒಬ್ಬರಿಗೆ ಈ ದೋಷವಿದ್ದ ೫೮ ಮಂದಿ ಮಕ್ಕಳ ಜನನತೂಕಗಳನ್ನು ಅವರು ಕಲೆಹಾಕಿ ೧೯೯೮ರಲ್ಲಿ ಪ್ರಕಟಿಸಿದರು. ಶಿಶುವಿನಲ್ಲಿ ದೋಷವಿದ್ದುದರ ಫಲವಾಗಿ ತೂಕ ಸರಾಸರಿ ೫೩೩ ಗ್ರಾಂ ಇಳಿದಿತ್ತು; ತಾಯಿಯಲ್ಲಿ ದೋಷವಿದ್ದುದರ ಫಲವಾಗಿ ಸರಾಸರಿ ೬೦೧ ಗ್ರಾಂ ಏರಿತ್ತು. ಈ ಎರಡು ಪರಿಣಾಮಗಳೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟ ಕಲ್ಲುಗಳಂತೆ ಸರಳವಾಗಿ ಕೂಡಿ ಕಳೆಯುತ್ತಿದ್ದವು. ತಾಯಿಯಲ್ಲೂ ಶಿಶುವಿನಲ್ಲೂ ದೋಷವಿದ್ದರೆ? ೬೦೧ರಲ್ಲಿ ೫೩೩ ಕಳೆದರೆ ಉಳಿಯುವುದು ೬೮ ಗ್ರಾಂ. ಎಂದರೆ ಮಗು ಹೆಚ್ಚು ಕಡಿಮೆ ಸಾಧಾರಣ ತೂಕದ್ದೇ. ಎತ್ತರದ ಸಕ್ಕರೆ, ಅದಕ್ಕೆ ಒಪ್ಪುವ ಮಂದ ಮಾಪಕ: ಇಬ್ಬರ ನೆಲೆಯೂ ಒಂದೇ ಆದುದರಿಂದ ಶಿಶುವಿಗೆ ಅದು ಹೆಚ್ಚೆಂದೇ ತೋರುವುದಿಲ್ಲ.

ಮೊದಲಲ್ಲಿ ಹೇಳಿದ ಒಗಟು ಇಲ್ಲಿ ಬಿಡಿಸಿತು. ಒಬ್ಬಳೇ ತಾಯಿಯ ಎರಡು ಮಕ್ಕಳಲ್ಲಿ ಭಾರವಾಗಿ ಹುಟ್ಟಿದುದು ಅವಳ ಒಳ್ಳೆಯ ಪ್ರತಿಯನ್ನು ಪಡೆದ ಮಗು. ಸಾಧಾರಣ ತೂಕದ್ದು ದೋಷವುಳ್ಳ ಪ್ರತಿಯನ್ನು ಪಡೆದ ಮಗು!

ಒಡಹುಟ್ಟಿದವರಲ್ಲಿ ಒಬ್ಬರಿಗೆ ದೋಷವಿದ್ದು ಇನ್ನೊಬ್ಬರಿಗೆ ಇಲ್ಲದಿದ್ದ ೨೧ ಜೋಡಿಗಳು ಆ ಅಧ್ಯಯನದಲ್ಲಿದ್ದವು. ಅವುಗಳ ಪೈಕಿ ೧೯ರಲ್ಲಿ ದೋಷವುಳ್ಳ ಮಗುವೇ ಕಡಿಮೆ ತೂಗಿತ್ತು. ಇದು ಕೇವಲ ಆಕಸ್ಮಿಕವಾಗಿರಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು, ಕೇಳಬೇಕು. ನಾಣ್ಯವನ್ನು ೨೧ ಸಲ ಚಿಮ್ಮಿದಾಗ ೧೯ ಅಥವಾ ಅದಕ್ಕೂ ಹೆಚ್ಚು ಸಲ ರಾಜಮುಖವೇ ಬೀಳುವ ಸಂಭವವೆಷ್ಟು? ಒಟ್ಟು ಫಲಿತಗಳು ಎರಡರ ೨೧ನೆಯ ಘಾತ, ಎಂದರೆ ೨೦,೯೭,೧೫೨. ಅವುಗಳಲ್ಲಿ ನಮಗೆ ಬೇಕಾದುವು ೨೧೦, ೨೧ ಮತ್ತು ೧ ಸೇರಿ ೨೩೨ ಮಾತ್ರ. ಸುಮಾರು ಒಂಬತ್ತು ಸಾವಿರಕ್ಕೆ ಒಂದು ಸಂಭವವಾಯಿತು. ಇಷ್ಟು ದುರ್ಲಭವಾದುದನ್ನು ಆಕಸ್ಮಿಕವೆನ್ನಲು ಮನಸ್ಸೊಪ್ಪದು.

ಚಿಕಿತ್ಸೆಯ ಇಕ್ಕಟ್ಟು

ಇದು ಬರಿಯ ಕುತೂಹಲದ ಲೆಕ್ಕವಲ್ಲ. ಗರ್ಭಿಣಿಯೊಬ್ಬಳ ಸಕ್ಕರೆ ಹೆಚ್ಚಿರುವುದನ್ನು ಕಂಡಾಗ ವೈದ್ಯರು ಪಥ್ಯ ವಿಧಿಸಿ, ಅದು ಸಾಲದಿದ್ದರೆ ಮಾತ್ರೆಯನ್ನೋ ಇನ್ಸುಲಿನನ್ನೋ ಕೊಟ್ಟು ಸಕ್ಕರೆಯನ್ನು ಇಳಿಸುತ್ತಾರೆ. ಬಹುಮಂದಿ ತಾಯಂದಿರ ವಿಷಯದಲ್ಲಿ ಇದು ಸರಿಯಾದ ಮಾರ್ಗ. ಅದರಿಂದ ಅಸಂಖ್ಯ ಮಕ್ಕಳಿಗೆ ಒಳಿತಾಗಿದೆ. ಆದರೆ ತಾಯಿಯಲ್ಲೂ ಶಿಶುವಿನಲ್ಲೂ ಗ್ಲೂಕೊಕೈನೇಸ್ ದೋಷವಿರುವಾಗ ಹೀಗೆ ಮಾಡಿದರೆ ಫಲವೇನು? ತಕ್ಕಡಿಯ ಒಂದು ತಟ್ಟೆಯ ಕಲ್ಲನ್ನು ನಾವೇ ಎತ್ತಿಬಿಟ್ಟಂತಾಗುತ್ತದೆ. ಸಾಧಾರಣ ತೂಕದಿಂದ ಹುಟ್ಟಬೇಕಾಗಿದ್ದ ಮಗು ಔಷಧದ ಕಾರಣದಿಂದಲೇ ಸೊರಗಬಹುದು.

ಆದುದರಿಂದ ತಾಯಿಗೆ ಈ ದೋಷವಿದೆಯೆಂದು ತಿಳಿದ ಸಂದರ್ಭದಲ್ಲಿ ವೈದ್ಯರು ಅವಳ ಸಕ್ಕರೆಗಿಂತ ಹೆಚ್ಚಾಗಿ ಶಿಶುವಿನ ಬೆಳವಣಿಗೆಯ ಕಡೆಗೆ ಗಮನ ಕೊಡುತ್ತಾರೆ. ಶ್ರವಣಾತೀತ ಧ್ವನಿಯ ಅಲೆಗಳಿಂದ ಶಿಶುವಿನ ಹೊಟ್ಟೆಯ ಸುತ್ತಳತೆಯನ್ನು ಆಗಾಗ ಅಳೆಯುತ್ತಾರೆ. ಅದು ಮಿತಿಮೀರಿ ಬೆಳೆಯುತ್ತಿದ್ದರೆ ಶಿಶುವಿನಲ್ಲಿ ದೋಷವಿಲ್ಲವೆಂದು ಊಹಿಸಿ ತಾಯಿಗೆ ಚಿಕಿತ್ಸೆ ಮಾಡುತ್ತಾರೆ. ಸಾಧಾರಣವಾಗಿದ್ದರೆ ಕೈಕಟ್ಟಿ ಕಾಯುತ್ತಾರೆ. ಇಲ್ಲಿ ಕಾಯುವುದೇ ಚಿಕಿತ್ಸೆ. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಉಪಾಯವೂ ಬಂದಿದೆ. ತಾಯಿಯ ರಕ್ತದಲ್ಲಿ ಶಿಶುವಿಗೆ ಸೇರಿದ ಡಿಎನ್‌ಎ ತುಣುಕುಗಳು ತೇಲುತ್ತಿರುತ್ತವೆ. ಅವನ್ನು ಪರೀಕ್ಷಿಸಿ, ಗರ್ಭಕ್ಕೆ ಸೂಜಿ ಚುಚ್ಚದೆಯೆ, ಶಿಶು ಯಾವ ಪ್ರತಿಯನ್ನು ಪಡೆದಿದೆಯೆಂಬುದನ್ನು ಹೇಳಲು ಸಾಧ್ಯವಾಗಿದೆ.

ಇಲ್ಲೊಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಮೇಲೆ ಹೇಳಿದ ಐರ್ಲೆಂಡಿನ ಅಧ್ಯಯನದಲ್ಲಿ, ಗರ್ಭಕಾಲದಲ್ಲಿ ಸಕ್ಕರೆ ಏರಿದ್ದ ನೂರು ಮಂದಿಯಲ್ಲಿ ಸುಮಾರು ಒಬ್ಬಳಲ್ಲಿ ಮಾತ್ರ ಈ ದೋಷ ಕಂಡಿತು. ಉಳಿದ ತೊಂಬತ್ತೊಂಬತ್ತು ಮಂದಿಯ ಮಧುಮೇಹ ಬೇರೆ ಬಗೆಯದು. ಪರೀಕ್ಷೆಯಿಲ್ಲದೆ ತನಗಿರುವುದು ಈ ಸೌಮ್ಯ ಬಗೆಯೆಂದು ಭಾವಿಸಿ ಯಾರೂ ಚಿಕಿತ್ಸೆಯನ್ನು ಬಿಡತಕ್ಕುದಲ್ಲ.

ಎರಡು ತುದಿಗಳು

ಜೀನಿನ ಎರಡು ಪ್ರತಿಗಳೂ ಕೆಟ್ಟರೆ ಮಾಪಕ ಮಂಕಾಗುವುದಿರಲಿ, ಇಲ್ಲವೇ ಆಗುತ್ತದೆ. ಇಂಥ ಇಬ್ಬರು ಶಿಶುಗಳ ವೃತ್ತಾಂತ ೨೦೦೧ರಲ್ಲಿ ವರದಿಯಾಯಿತು. ಅವರು ಬಹಳ ಸಣ್ಣದಾಗಿ ಹುಟ್ಟಿ, ಹುಟ್ಟಿದಂದಿನಿಂದಲೇ ಇನ್ಸುಲಿನನ್ನು ಆಶ್ರಯಿಸಬೇಕಾಯಿತು. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ೧೯೯೮ರಲ್ಲಿ ವರ್ಣಿಸಲಾದ ಒಂದು ಕುಟುಂಬದಲ್ಲಿ ಕಿಣ್ವ ಅತಿಚುರುಕಾಗಿದ್ದು, ಸಕ್ಕರೆ ಕಡಿಮೆಯಿರುವಾಗಲೂ ಇನ್ಸುಲಿನ್ ಸುರಿಯುತ್ತಿತ್ತು. ಒಂದೇ ಕಿಣ್ವದ ಬದಲಾವಣೆ ಒಂದು ಕಡೆಗೆ ಸರಿದರೆ ಮಧುಮೇಹ, ಇನ್ನೊಂದು ಕಡೆಗೆ ಸರಿದರೆ ಸಕ್ಕರೆಯ ಕೊರತೆ.

ಎಲ್ಲ ಕಿಣ್ವಭೇದಗಳೂ ಇಷ್ಟು ಸ್ಫುಟವಾದ ಪರಿಣಾಮ ತೋರುವುದಿಲ್ಲ. ಇಟಲಿಯ ರೋಮ್ ನಗರದಲ್ಲಿ ಬೊಟ್ಟಿನಿ ಎಂಬವರೂ ಅವರ ಸಂಗಡಿಗರೂ ಜನರಲ್ಲಿ ಸಾಮಾನ್ಯವಾಗಿ ಕಾಣುವ ಆಮ್ಲ ಫಾಸ್ಫಟೇಸ್, ಫಾಸ್ಫೊಗ್ಲೂಕೊಮ್ಯುಟೇಸ್ ಮುಂತಾದ ಕಿಣ್ವಗಳ ಭೇದಗಳನ್ನು ಮಧುಮೇಹವುಳ್ಳ ತಾಯಂದಿರ ನವಜಾತ ಶಿಶುಗಳಲ್ಲಿ ಹುಡುಕಿದ್ದಾರೆ. ಇಂಥಲ್ಲಿ ಒಂದೊಂದು ಭೇದದ ಪಾಲೂ ಅಲ್ಪವಾದುದರಿಂದ ಅದನ್ನು ಗುರುತಿಸಲು ಬಹುಮಂದಿಯ ಲೆಕ್ಕ ಬೇಕಾಗುತ್ತದೆ.

ಮೈಸೂರಿನ ಹಳೆಯ ದಾಖಲೆಗಳು

ಈ ಸಂಶೋಧನೆಯ ಹಿನ್ನೆಲೆಯಲ್ಲಿ ಒಂದು ದೊಡ್ಡ ಚರ್ಚೆಯಿದೆ. ಅದರಲ್ಲಿ ನಮ್ಮ ಮೈಸೂರಿಗೂ ಪಾಲುಂಟು. ಸಣ್ಣದಾಗಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಮಧುಮೇಹ ಬರುವುದು ಹೆಚ್ಚೆಂದು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ತೋರಿಸಿದ್ದರು. ಗರ್ಭದಲ್ಲಿನ ಪೋಷಣೆಯ ಕೊರತೆಯೇ ಇದಕ್ಕೆ ಕಾರಣವೆಂದು ಅವರ ವಾದ. ಹ್ಯಾಟರ್ಸ್ಲಿ ೧೯೯೯ರಲ್ಲಿ ಬೇರೆ ಸಾಧ್ಯತೆಯನ್ನು ಮುಂದಿಟ್ಟರು: ಇನ್ಸುಲಿನ್ನಿಗೆ ಸಂಬಂಧಿಸಿದ ಒಂದೇ ಜೀನಿನ ದೋಷ ಗರ್ಭದಲ್ಲಿ ತೂಕವನ್ನು ಇಳಿಸಿ, ಮುಂದೆ ಮಧುಮೇಹವನ್ನೂ ತರಬಹುದಲ್ಲವೆ?

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಮಕ್ಕಳ ತೂಕ ಉದ್ದಗಳ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. ಅವುಗಳ ಆಧಾರದಿಂದ, ಅಲ್ಲಿ ಹುಟ್ಟಿ ನಡುವಯಸ್ಸು ಮುಟ್ಟಿದವರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಗಿಡ್ಡಗೂ ದುಂಡಗೂ ಇದ್ದವರಲ್ಲಿ, ಭಾರವಾದ ತಾಯಂದಿರ ಮಕ್ಕಳಲ್ಲಿ, ಮಧುಮೇಹ ಹೆಚ್ಚಾಗಿ ಕಂಡಿತು. ಇದು ೧೯೯೮ರಲ್ಲಿ ಪ್ರಕಟವಾಯಿತು. ಆ ತಾಯಂದಿರ ಸಕ್ಕರೆ ಏರಿದ್ದಿರಬಹುದೆಂಬ ಸಂಶಯ ಸಹಜವಾಗಿಯೇ ಮೂಡಿತು. ೧೯೯೭-೯೮ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಆರು ಮಂದಿಯಲ್ಲಿ ಗರ್ಭಕಾಲದ ಮಧುಮೇಹ ಕಂಡಿತು. ಅವರ ಮಕ್ಕಳು ಹೆಚ್ಚು ಭಾರವಾಗಿ ಹುಟ್ಟಿದರು. ಒಂಬತ್ತು ಹತ್ತರ ವಯಸ್ಸಿನಲ್ಲಿ ಆ ಮಕ್ಕಳ ಮೈಯಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಕೊಬ್ಬಿನಂಶ ಹೆಚ್ಚಾಗಿತ್ತು. ಇವು ಒಂದೇ ಕಿಣ್ವದ ದೋಷದಿಂದ ಆದುವಲ್ಲ. ಆದರೆ ತಾಯಿಯ ಸಕ್ಕರೆಯ ನೆರಳು ಮಗುವಿನ ಮೇಲೆ ಎಷ್ಟು ದೂರ ಚಾಚುತ್ತದೆಂಬುದಕ್ಕೆ ಇವು ಸಾಕ್ಷಿ. ಆಸ್ಪತ್ರೆಯ ಒಂದು ಮೂಲೆಯಲ್ಲಿ, ಮುಂದಿನ ಉಪಯೋಗದ ಕನಸೂ ಇಲ್ಲದೆ, ಯಾರೋ ದಾದಿಯರು ಅಂದಂದಿಗೆ ಬರೆದಿಟ್ಟ ಅಂಕಿಗಳಿಂದ ಇಷ್ಟೆಲ್ಲ ತಿಳಿಯಿತೆಂಬುದು ಸ್ಮರಣೀಯ.

ಒಳ್ಳೆಯ ಜೀನು, ಕೆಟ್ಟ ಜೀನು ಎಂದು ನಾವು ಸುಲಭವಾಗಿ ಹೆಸರಿಟ್ಟುಬಿಡುತ್ತೇವೆ. ಗ್ಲೂಕೊಕೈನೇಸಿನ ಕಥೆ ಈ ಆತುರವನ್ನು ತಡೆಯುತ್ತದೆ. ಒಂದೇ ಅಕ್ಷರದೋಷ ತಾಯಿಯಲ್ಲಿದ್ದರೆ ಮಗುವನ್ನು ಬೆಳೆಸುತ್ತದೆ, ಮಗುವಿನಲ್ಲಿದ್ದರೆ ಕುಗ್ಗಿಸುತ್ತದೆ, ಇಬ್ಬರಲ್ಲಿಯೂ ಇದ್ದರೆ ಏನೂ ಆಗಿಲ್ಲವೆಂಬಂತೆ ಸುಮ್ಮನಿರುತ್ತದೆ. ಅದರ ಗುಣದೋಷ ಅದರಲ್ಲಿಯೇ ಇಲ್ಲ. ಅದು ಯಾರೊಡನೆ, ಯಾವ ಆವರಣದಲ್ಲಿ ಬಾಳುತ್ತಿದೆಯೆಂಬುದರಲ್ಲಿದೆ. ತಾಯಿಗೆ ಔಷಧ ಕೊಡುವ ಕೈ ಗರ್ಭದಲ್ಲಿರುವ ಇನ್ನೊಬ್ಬರನ್ನೂ ಮುಟ್ಟುತ್ತದೆ. ಆ ಇನ್ನೊಬ್ಬರ ಮಾಪಕ ಏನನ್ನು ಓದುತ್ತಿದೆಯೆಂಬುದನ್ನು ಮೊದಲು ತಿಳಿದುಕೊಳ್ಳುವುದೇ ಮೇಲಾದ ಚಿಕಿತ್ಸೆ.